ಕೂಟದ ಲಾಂಛನಕ್ಕೆ ಬೆಲೆ

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಅಂತರಜಾಲ ಕ್ರೀಡೆಯಲ್ಲಿ ಆಟಗಾರರ ಕೂಟವು ತನ್ನ ಲಾಂಛನವನ್ನು ರೂಪಿಸಿಕೊಳ್ಳಲು 10 ಚಿನ್ನದ ನಾಣ್ಯಗಳನ್ನು ತೆರಬೇಕಾಗಿತ್ತು. ಅವು ಆಟದೊಳಗೇ ದುಡಿದು ಗಳಿಸುವ ನಾಣ್ಯಗಳು. ಆದುದರಿಂದ ಮೇಲಂಗಿಯ ಮೇಲಣ ಚಿಹ್ನೆಯು ಕೂಡಿ ಪಟ್ಟ ಶ್ರಮದ ಗುರುತಾಗಿತ್ತು. 2015ರಲ್ಲಿ ಸಂಸ್ಥೆಯೇ ಟೋಕನ್ ಮಾರಾಟವನ್ನು ಆರಂಭಿಸಿ, ನಿಜವಾದ ಹಣದಿಂದ ಆ ನಾಣ್ಯಗಳನ್ನು ಪಡೆಯುವ ದಾರಿಯನ್ನು ತೆರೆಯಿತು. ಆದರೂ 10 ನಾಣ್ಯ ಅಲ್ಪವೇ. ಅಷ್ಟರಿಂದ ಯಾರೂ ಬಡವರಾಗರು.

ಕೆನಡಾದಲ್ಲಿ ರೂಪುಗೊಂಡು 2013ರಲ್ಲಿ ಬಂದ ‘ವಾರ್‌ಫ್ರೇಮ್’ನ ರೀತಿ ಬೇರೆ. ಅದನ್ನು ಆಡಲು ಶುಲ್ಕವಿಲ್ಲ. ಆದರೆ ಕೂಟವು ತಾನೇ ಬರೆದ ಚಿತ್ರವನ್ನು ಲಾಂಛನವಾಗಿಸಬೇಕಾದರೆ ‘ಪ್ಲಾಟಿನಂ’ ತೆರಬೇಕು. ಅದನ್ನು ಇತರ ಆಟಗಾರರಿಂದ ವಿನಿಮಯವಾಗಿ ಪಡೆಯಬಹುದೆಂಬುದು ದಿಟ. ಆದರೆ ಅದು ಬಹುಮಟ್ಟಿಗೆ ಯಾರೋ ಹಣ ಕೊಟ್ಟು ಕೊಂಡದ್ದೇ ಆಗಿರುತ್ತದೆ. ಚಿತ್ರವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಕೆಲಸಕ್ಕೆ ಬೆಲೆ ಕೇಳುವುದು ಅನ್ಯಾಯವಲ್ಲ. ಆಕ್ಷೇಪವಿರುವುದು ಬೇರೆಡೆ. ಹತ್ತು ಜನರ ಕೂಟದಲ್ಲಿ ಹಣ ತೆತ್ತವನು ಒಬ್ಬನೇ ಆದರೆ, ಎಲ್ಲರೂ ಧರಿಸುವ ಚಿಹ್ನೆ ಯಾರದು? ಕೂಟದ ನೆಲೆಮನೆಯನ್ನು ಕಟ್ಟಲು ಎಲ್ಲರೂ ಸಾಮಗ್ರಿ ತಂದಿರುತ್ತಾರೆ. ಹಣವಿಲ್ಲದ ಬಾಲಕನು ತಂದದ್ದು ಗೋಡೆಯೊಳಗೆ ಅಡಗಿಹೋಗುತ್ತದೆ; ಹಣವುಳ್ಳವನು ತಂದದ್ದು ಎಲ್ಲರ ಭುಜದ ಮೇಲೆ ಕಾಣುತ್ತದೆ.