ಪಾರಪಟಲದ ಕಸಿಯೂ ಛೇದಚಿತ್ರದ ಸಾಕ್ಷ್ಯವೂ

ಕಣ್ಣಿನ ಪಾರಪಟಲವನ್ನು ಕಸಿಮಾಡಿದ ಮೇಲೆ ಗಾಯವು ಮಾಯುತ್ತಿರುವುದನ್ನು ಬೆಳಕಿನ ಛೇದಚಿತ್ರವು ತೋರಿಸಿಕೊಡುವುದೆಂಬ ಮಾತು ನೇತ್ರವೈದ್ಯದ ಬರಹಗಳಲ್ಲಿ ರೂಢಿಯಾಗಿದೆ. ಅದು ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವಾದುದು.

೧೯೦೫ರಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮೊರೇವಿಯಾದ ಓಲ್ಮುಟ್ಸ್ ಪಟ್ಟಣದಲ್ಲಿ, ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಗಾರನೊಬ್ಬನಿಗೆ ಮೊದಲ ಸಫಲವಾದ ಕಸಿಯನ್ನು ಮಾಡಿದಾಗ, ಪಟಲದ ಪದರಗಳನ್ನು ಕೊಯ್ದಿಟ್ಟಂತೆ ತೋರಿಸುವ ಸಾಧನವಾವುದೂ ಇರಲಿಲ್ಲ. ಗುಲ್‌ಸ್ಟ್ರಾಂಡರ ಸೀಳುದೀಪವು ೧೯೧೧ರಲ್ಲಿ ಬಂದಿತು. ಓ.ಸಿ.ಟಿ. ಎಂಬ ಛೇದಚಿತ್ರಣವು ೧೯೯೧ರಲ್ಲಿ ಪ್ರಕಟವಾಗಿ, ೧೯೯೪ರಲ್ಲಿ ಕಣ್ಣಿನ ಮುಂಭಾಗಕ್ಕೂ ಅನ್ವಯಿಸಲ್ಪಟ್ಟಿತು.

ಇದರ ನಿಜವಾದ ಉಪಕಾರವು ಕಾಣುವುದು ಮೆಲ್ಲೆಸ್ ಅವರು ೨೦೦೬ರಲ್ಲಿ ಪ್ರಕಟಿಸಿದ ವಿಧಾನದಲ್ಲಿ. ಅಲ್ಲಿ ಕಸಿಮಾಡುವುದು ಡೆಸ್ಮೆಟ್ ಪೊರೆಯನ್ನೂ ಅದರ ಜೀವಕೋಶಗಳ ಸಾಲನ್ನೂ ಮಾತ್ರ. ಹೊಲಿಗೆಯಿಲ್ಲ, ಗಾಳಿಯ ಗುಳ್ಳೆಯೊಂದೇ ಪೊರೆಯನ್ನು ಒತ್ತಿಹಿಡಿಯತಕ್ಕದ್ದು. ಪೊರೆಯು ಕಳಚಿದರೆ ಪಟಲವು ಊದಿ ಮಸುಕಾಗುವುದು. ಆ ಮಸುಕಿನ ಹಿಂದೆ ಏನಾಗಿದೆಯೆಂಬುದು ಸೀಳುದೀಪಕ್ಕೆ ಸ್ಪಷ್ಟವಾಗಿ ತೋರದು. ಛೇದಚಿತ್ರದ ಅತಿರಕ್ತ ಬೆಳಕಾದರೋ ಅದನ್ನು ಹಾದುಹೋಗಿ ನಡುವಣ ಬಿರುಕನ್ನು ಕಾಣಿಸುವುದು. ಮತ್ತೆ ಗಾಳಿ ತುಂಬಬೇಕೆ ಎಂಬ ನಿರ್ಣಯಕ್ಕೆ ಇದಕ್ಕಿಂತ ಒಳ್ಳೆಯ ಆಧಾರವು ಸಿಕ್ಕುವುದು ಕಷ್ಟ. ಆದರೆ ಅಂಚಿನ ಸಣ್ಣ ಬಿರುಕುಗಳೆಷ್ಟೋ ತಾವಾಗಿಯೇ ಕೂಡಿಕೊಳ್ಳುವುವು. ಚಿತ್ರದಲ್ಲಿ ಕಂಡುದಕ್ಕೆಲ್ಲ ಕೈಹಾಕುವ ವೈದ್ಯನು ರೋಗಿಯನ್ನು ಬೇಡದ ಎರಡನೆಯ ಶಸ್ತ್ರಕ್ರಿಯೆಗೆ ಗುರಿಮಾಡುವನು.

ಇಡಿಯ ದಪ್ಪದ ಕಸಿಯಲ್ಲಿ ವಿಷಯವೇ ಬೇರೆ. ಗಾಯದ ಅಂಚುಗಳು ಮಟ್ಟಸವಾಗಿ ಸೇರಿವೆಯೆಂದು ಚಿತ್ರವು ಹೇಳಬಲ್ಲುದು. ಅವು ಗಟ್ಟಿಯಾಗಿವೆಯೆಂದು ಹೇಳಲಾರದು. ವರ್ಷಗಳು ಕಳೆದ ಮೇಲೂ ಕಣ್ಣಿಗೆ ಪೆಟ್ಟು ಬಿದ್ದು ಆ ಗೆರೆಯೇ ಬಿರಿದುಹೋಗುವುದುಂಟು. ದಪ್ಪದ ಅಳತೆಯೂ ಅರ್ಧಸಾಕ್ಷಿಯೇ. ಆರೋಗ್ಯವಾದ ಪಟಲದ ನಡುದಪ್ಪವು ಸುಮಾರು ೫೪೦ ಮೈಕ್ರಾನು. ಒಳಸಾಲಿನ ಜೀವಕೋಶಗಳು ಬಹುಮಟ್ಟಿಗೆ ಕ್ಷೀಣಿಸುವವರೆಗೂ ಈ ಸಂಖ್ಯೆಯು ಹೆಚ್ಚು ಕದಲದಿರಬಹುದು. ಆ ಕೋಶಗಳನ್ನು ಎಣಿಸಲು ಡೇವಿಡ್ ಮಾರಿಸ್ ಅವರು ೧೯೬೮ರಲ್ಲಿ ತೋರಿಸಿಕೊಟ್ಟ ಪ್ರತಿಫಲನ ಸೂಕ್ಷ್ಮದರ್ಶಕದ ಮಾರ್ಗವೇ ಬೇಕು. ಅದಕ್ಕೋ ಪಟಲವು ತಿಳಿಯಾಗಿರಬೇಕು! ಒಂದು ಯಂತ್ರಕ್ಕೆ ಕಂಡುದು ಇನ್ನೊಂದಕ್ಕೆ ಕಾಣದು.

ಇಷ್ಟಾದರೂ ವರದಿಗಳಲ್ಲಿ ಮುಂದಾಗಿ ನಿಲ್ಲುವುದು ಬಣ್ಣದ ದಪ್ಪನಕ್ಷೆ. ಪದರಗಳ ಎಲ್ಲೆಯನ್ನು ಯಂತ್ರವೇ ಗೆರೆಯೆಳೆದು ಗುರುತಿಸುವುದು. ಕಲೆಗಟ್ಟಿದ ಅಥವಾ ಊದಿದ ಪಟಲದಲ್ಲಿ ಆ ಗೆರೆಯು ತಪ್ಪುವುದುಂಟು. ಅಂಥ ಕಣ್ಣೇ ಇಲ್ಲಿ ಪರೀಕ್ಷೆಗೆ ಬರುವುದು. ಗೆರೆಯನ್ನು ಮೂಲಚಿತ್ರದೊಡನೆ ಹೋಲಿಸಿ ನೋಡಿದವರಾರು, ತಿದ್ದಿದರೋ ಇಲ್ಲವೋ ಎಂಬುದನ್ನು ಬರೆಯದ ವರದಿಯ ಸರಾಸರಿಗಳನ್ನು ಹಾಗೆಯೇ ಒಪ್ಪುವುದು ಯುಕ್ತವಲ್ಲ.