ಗಣಕಯಂತ್ರದಲ್ಲಿ ಟೆಲಿವಿಷನ್: ಒಂದು ಆಕರವಿಮರ್ಶೆ

ಗಣಕಯಂತ್ರವೂ ಟೆಲಿವಿಷನ್ನೂ ಬೇರೆಬೇರೆಯಾಗಿ ಬೆಳೆದು ಇತ್ತೀಚೆಗಷ್ಟೇ ಒಂದಾದುವೆಂಬ ಮಾತು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಮೇಲಿಂದ ಮೇಲೆ ಕಾಣಬರುತ್ತದೆ. ಈ ಮಾತು ಕಾಲಕ್ರಮದ ಪರೀಕ್ಷೆಗೆ ನಿಲ್ಲದು. 1982ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಎಂಬ ಗೃಹಗಣಕಕ್ಕೆ ಸ್ವಂತ ಪರದೆಯೇ ಇರಲಿಲ್ಲ. ಆಂಟೆನಾದ ತಂತಿಯನ್ನು ಕಿತ್ತು, ಆ ಜಾಗದಲ್ಲಿ ಗಣಕದ ತಂತಿಯನ್ನು ಸಿಕ್ಕಿಸಬೇಕಾಗಿತ್ತು. 1984ರಲ್ಲಿ ಆರಂಭವಾದ ಭಾರತ ಸರ್ಕಾರದ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊವನ್ನು ಸಹ ಟೆಲಿವಿಷನ್ನಿಗೆ ಜೋಡಿಸಬಹುದಾಗಿತ್ತು. ಅಂದಮೇಲೆ ಮೊದಲಿದ್ದುದು ಕೂಡುಬಾಳು, ಅಗಲಿಕೆ ಅನಂತರದ್ದು.

ಆ ಅಗಲಿಕೆ ನೆಲೆಯೂರಿದ್ದು 1987ರಲ್ಲಿ ಐಬಿಎಂ ಸಂಸ್ಥೆ ತಂದ ವಿಜಿಎ ಪದ್ಧತಿಯಿಂದ. ನಮ್ಮ ಟೆಲಿವಿಷನ್ ಸೆಕೆಂಡಿಗೆ 25 ಚಿತ್ರಗಳಂತೆ, ಚಿತ್ರಕ್ಕೆ 625 ಗೆರೆಗಳಂತೆ, ಒಟ್ಟು 15,625 ಗೆರೆಗಳನ್ನು ಎಳೆಯುತ್ತಿತ್ತು. ವಿಜಿಎ ಪರದೆ ಅದರ ಸುಮಾರು ಇಮ್ಮಡಿ ಎಳೆಯುತ್ತಿತ್ತು. ಒಂದರ ಸಂಕೇತ ಮತ್ತೊಂದಕ್ಕೆ ಹೊಂದುವಂತಿರಲಿಲ್ಲ. ಟಿ.ವಿ. ಟ್ಯೂನರ್ ಕಾರ್ಡು ಮಾಡಿದ್ದು ಈ ಲೆಕ್ಕವನ್ನು ಸರಿದೂಗಿಸುವ ಕೆಲಸ: ಬಂದ ಗೆರೆಗಳನ್ನು ಅಂಕಿಗಳಾಗಿಸಿ, ಸ್ಮೃತಿಯಲ್ಲಿರಿಸಿ, ಗಣಕದ ವೇಗಕ್ಕೆ ಮರುಬರೆಯುವುದು. ಸಮ ಮತ್ತು ಬೆಸ ಗೆರೆಗಳು ಬೇರೆಬೇರೆ ಕ್ಷಣಕ್ಕೆ ಸೇರಿದುವಾದ್ದರಿಂದ, ಓಡುವ ಚೆಂಡಿನ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿ ಕಾಣುತ್ತಿತ್ತು. ಹಾಗೆ ಕ್ರಿಕೆಟ್ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ!

ಯಂತ್ರದ ಈ ವಿವರವು ಇತಿಹಾಸಕಾರನಿಗೆ ಅಮುಖ್ಯವೆಂದು ತೋರಬಹುದು. ಆದರೆ ನಮ್ಮ ಆಕರಗಳತ್ತ ನೋಡೋಣ. 2001ರ ಜನಗಣತಿಯು ಕುಟುಂಬದ ಟೆಲಿವಿಷನ್ನನ್ನು ಎಣಿಸಿತು, ಗಣಕವನ್ನು ಕೇಳಲೇ ಇಲ್ಲ. 2011ರ ಗಣತಿಯು ಎರಡಕ್ಕೂ ಬೇರೆಬೇರೆ ಕಲಮುಗಳನ್ನಿಟ್ಟಿತು. ಒಂದೇ ಪರದೆಯಲ್ಲಿ ಹಗಲು ಲೆಕ್ಕಪತ್ರ, ಸಂಜೆ ವಾರ್ತೆ ನೋಡುತ್ತಿದ್ದ ಮನೆ ಯಾವ ಕಲಮಿಗೆ ಸೇರಿತು? ಮನೆಯವರು ಆ ವಸ್ತುವನ್ನು ಯಾವ ಹೆಸರಿನಿಂದ ಕರೆದರೋ ಅದರ ಮೇಲೆ ಉತ್ತರ ನಿಂತಿರುತ್ತದೆ. ಮೊತ್ತದ ಅಂಕಿ ಅದನ್ನು ಹೇಳಲಾರದು.

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಊರಿನ ಸಾಮಾಜಿಕ ಚರಿತ್ರೆಯನ್ನು ಬರೆಯಹೊರಡುವವರು ಈ ಅಂಕಿಗಳನ್ನೇ ಆಧಾರವಾಗಿಟ್ಟುಕೊಂಡರೆ ಸಾಲದು. ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾಗಿತ್ತು. ಅಲ್ಲಿಯ ಕುಲುಮೆಗಳನ್ನೆಣಿಸಿದ ಮಾತ್ರಕ್ಕೆ ಬಳೆ ತೊಟ್ಟ ಕೈಗಳ ಲೆಕ್ಕ ದೊರೆಯುವುದಿಲ್ಲ. ಪೆಟ್ಟಿಗೆಗಳ ಎಣಿಕೆಗೂ ನೋಡುಗರಿಗೂ ಅಷ್ಟೇ ದೂರ. ಮನೆಮನೆಗೆ ಹೋಗಿ, ಪರದೆ ಯಾರ ಕೋಣೆಯಲ್ಲಿತ್ತು, ಪರೀಕ್ಷೆಯ ದಿನಗಳಲ್ಲಿ ಅದರ ಮುಂದೆ ಯಾರು ಕುಳಿತರು, ಯಾರು ಎದ್ದುಹೋದರು ಎಂಬುದನ್ನು ಅನುಭವಿಸಿದವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಅವರಿನ್ನೂ ನಮ್ಮ ನಡುವೆ ಇದ್ದಾರೆ. ಕಾರ್ಡುಗಳು ಆಗಲೇ ಗುಜರಿ ಸೇರಿವೆ.