ಉಪ್ಪು ಹಾಕಿದ ಚಹಾ

ನಮ್ಮೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಹೋಟೆಲಿದೆ. ಬೋರ್ಡಿನಲ್ಲಿ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಎಂದು ಬರೆದಿದ್ದಾರೆ. ಒಂದೇ ಅಡುಗೆಮನೆ, ಒಬ್ಬರೇ ಭಟ್ಟರು. ಅರ್ಧ ಪ್ರಪಂಚ ಅಲ್ಲೇ ಬೇಯುತ್ತದೆ! ಮಕ್ಕಳ ಹಟಕ್ಕೆ ಅಲ್ಲಿ ಗೋಬಿ ಮಂಚೂರಿ ತಿಂದವರಲ್ಲಿ ನಾನೂ ಒಬ್ಬಳು. ಮಂಚೂರಿಯಾ ಇರುವುದು ಚೀನಾದ ಈಶಾನ್ಯದಲ್ಲಿ, ನಿಜ. ಆದರೆ ಈ ತಿಂಡಿ ಅಲ್ಲಿಯದಲ್ಲ. 1975ರ ಸುಮಾರಿಗೆ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಹಸಿಮೆಣಸು, ಶುಂಠಿ, ಬೆಳ್ಳುಳ್ಳಿಗೆ ಸೋಯಾ ಸಾಸ್ ಸೇರಿಸಿ ಕೋಳಿಯಲ್ಲಿ ಮಾಡಿದ್ದಂತೆ. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂತು, ಹೂಕೋಸಿಗೆ ಕೆಂಪು ಬಣ್ಣ ಬಂತು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಆ ಕೃತಕ ಬಣ್ಣವನ್ನು ನಿಷೇಧಿಸಬೇಕಾಯಿತು.

ಈ ನಕಲಿಯಿಂದ ಬೇಸತ್ತು, 'ಅಸಲಿ' ಪರದೇಶದ ಊಟ ಮಾಡೋಣವೆಂದು ಒಮ್ಮೆ ಬೈಲಕುಪ್ಪೆಗೆ ಹೋದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರಲ್ಲ, ಅವರ ಹಿಂದೆ ಬಂದ ನಿರಾಶ್ರಿತರಿಗೆ ಅಂದಿನ ರಾಜ್ಯ ಸರ್ಕಾರ ಸುಮಾರು 3,000 ಎಕರೆ ಕೊಟ್ಟ ಜಾಗ ಅದು. ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಅವರು ಅಲ್ಲಿ ಊರು ಕಟ್ಟಿದರು. ಬಂಗಾರದ ದೇವಸ್ಥಾನ ನೋಡಲು ಹೋಗುವ ನಾವು ಇದನ್ನು ನೆನೆಯುವುದು ಕಡಿಮೆ.

ಸಣ್ಣ ಹೋಟೆಲು, ನಾಲ್ಕು ಮೇಜು. ಮೊಮೊ ಬಂತು. ಎಲೆಕೋಸು ತುಂಬಿ ಆವಿಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ದೂರದ ನೆಂಟ. ಹಿಟ್ಟಿನ ಹೊದಿಕೆ ತೆಳ್ಳಗೆ, ಒಳಗೆ ರಸ ಹಾಗೇ ಇತ್ತು. ತುಕ್ಪಾ ಎಂಬ ಶಾವಿಗೆಯ ಸಾರಿನಲ್ಲಿ ಮಸಾಲೆಯ ಗಲಾಟೆಯಿಲ್ಲ, ತರಕಾರಿಯ ರುಚಿ ತರಕಾರಿಗೇ ಇತ್ತು. ಕೊನೆಗೆ ಉಪ್ಪು, ಬೆಣ್ಣೆ ಹಾಕಿದ ಚಹಾ. ಒಂದು ಗುಟುಕು ಕುಡಿದವಳೇ ಮುಖ ಹಿಂಡಿದೆ. ಚಹಾ ಎಂದುಕೊಂಡರೆ ಕುಡಿಯಲಾಗದು, ಸಾರು ಎಂದುಕೊಂಡರೆ ಹಿತವಾಗಿದೆ.

"ಇದು ಅಸಲಿ ಟಿಬೆಟ್ ರುಚಿಯೇನಮ್ಮಾ?" ಎಂದು ಕೇಳಿದೆ. ಅಂಗಡಿಯಾಕೆ ನಕ್ಕು, ಚೊಕ್ಕ ಕನ್ನಡದಲ್ಲೇ ಹೇಳಿದರು: "ಅಲ್ಲಿ ಚಮರೀಮೃಗದ ಬೆಣ್ಣೆ, ಮರದ ಕೊಳವೆಯಲ್ಲಿ ಕಡೆಯಬೇಕು. ಇಲ್ಲಿ ಹಸುವಿನ ಬೆಣ್ಣೆ, ಮಿಕ್ಸಿ. ಅಮ್ಮನಿಗೆ ದಿನಾ ಇದೇ ಬೇಕು. ಈ ಸೆಖೆಗೆ ನನಗೆ ಸಕ್ಕರೆ ಚಹಾನೇ ಸರಿ ಅಕ್ಕಾ."

ನನಗೆ ನಾಚಿಕೆಯಾಯಿತು. ಹಿಂದಿನ ಬೇಸಿಗೆಯಲ್ಲಿ ಅಮೆರಿಕದಿಂದ ಬಂದ ನನ್ನ ನಾದಿನಿಯ ಮಗಳು, "ಅತ್ತೆ, ಸೌದೆ ಒಲೆಯ ಮುದ್ದೆ, ಒರಳಲ್ಲಿ ರುಬ್ಬಿದ ಸಾರು ಬೇಕು, ಕುಕ್ಕರಿನದು ಅಸಲಿ ಅಲ್ಲ" ಎಂದಾಗ ನನಗೆ ಸಿಟ್ಟು ಬಂದಿತ್ತು. ರುಬ್ಬುವ ರಟ್ಟೆ ಯಾರದು, ಹೊಗೆ ಯಾರ ಕಣ್ಣಿಗೆ ಎಂದು ಕೇಳಬೇಕೆನ್ನಿಸಿತ್ತು. ಅದೇ ಪ್ರಶ್ನೆಯನ್ನು ನಾನೀಗ ಇನ್ನೊಬ್ಬ ಹೆಂಗಸಿಗೆ ಕೇಳಿದ್ದೆ. ಅದೂ ಊರನ್ನೇ ಬಿಟ್ಟು ಬಂದವರ ಮಗಳಿಗೆ. ನಮ್ಮ ಸಾರಿನ ಒಣಮೆಣಸಿನಕಾಯಿ ಕೂಡ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದಲ್ಲವೆ? ಅದಕ್ಕೆ ಮೊದಲು ಇಲ್ಲಿಯ ಖಾರವೆಂದರೆ ಕರಿಮೆಣಸು.

ಹಾಗಾದರೆ ಬಸ್ ಸ್ಟ್ಯಾಂಡಿನ ಮಂಚೂರಿಯೂ ಸರಿಯೇ ಎನ್ನಬೇಡಿ. ಅದು ಚೀನಾದ್ದಲ್ಲ ಎಂಬುದು ನನ್ನ ದೂರಲ್ಲ. ಹಳಸಿದ ಎಣ್ಣೆಯನ್ನು ಬಣ್ಣದಿಂದ ಮುಚ್ಚಿದ್ದು ನನ್ನ ದೂರು. ಅದನ್ನು ಮಾಡಿದ ಭಟ್ಟರು ಮಧ್ಯಾಹ್ನ ಮೊಸರನ್ನ ಉಣ್ಣುವುದನ್ನು ನಾನೇ ಕಂಡಿದ್ದೇನೆ. ಬೈಲಕುಪ್ಪೆಯಾಕೆಯ ಚಹಾ ಅವರ ಅಮ್ಮನಿಗೂ ಅದೇ ಪಾತ್ರೆಯಿಂದ ಹೋಗುತ್ತಿತ್ತು.

ಈಗ ಹೊಸ ಹೋಟೆಲಿಗೆ ಹೋದರೆ ಇದು ಯಾವ ದೇಶದ್ದೆಂದು ನಾನು ಕೇಳುವುದಿಲ್ಲ. "ನಿಮ್ಮ ಮನೇಲಿ ಇದನ್ನ ಮಾಡ್ತೀರಾ?" ಎನ್ನುತ್ತೇನೆ. ಉತ್ತರ ತಡವಾದರೆ ಎರಡು ಇಡ್ಲಿ ಹೇಳುತ್ತೇನೆ.